‘ಇತರರು’ ಎಂಬುವರ ಸಹಿ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಊರಿಗೆ ಬಂದವನು ಮನೆಗೂ ಬಂದಿದ್ದ. ಮಾತಿನ ನಡುವೆ ತನ್ನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ದೊಡ್ಡದೊಂದು ಸಭಾಂಗಣ, ಸಾಲಾಗಿ ಹಾಕಿದ ಮೇಜುಗಳು, ಒಂದು ಮೇಜಿನ ಹಿಂದೆ ಬೆಳ್ಳಿಗೂದಲಿನ ಹಿರಿಯ ನಟಿ. ಎದುರಿಗೆ ಅವರ ಯೌವನದ ಭಾವಚಿತ್ರಗಳ ಕಟ್ಟು, ಪಕ್ಕದಲ್ಲಿ ಒಂದು ಸಹಿಗೆ ಇಷ್ಟು ಡಾಲರ್ ಎಂದು ಬರೆದಿಟ್ಟ ಫಲಕ.

“ನೋಡಿ ಸಾರ್, ಒಂದು ಕಾಲದಲ್ಲಿ ಇವರು ಅಲ್ಲಿ ಮನೆಮನೆಗೂ ಗೊತ್ತಿದ್ದವರಂತೆ. ಈಗ ಸಹಿ ಮಾರಿಕೊಂಡು ಕೂತಿದ್ದಾರೆ. ಎಂಥಾ ಅಧೋಗತಿ!” ಎಂದ.

“ನೀನು ಸಹಿ ಹಾಕಿಸಿಕೊಂಡೆಯೇನಪ್ಪಾ?” ಎಂದು ಕೇಳಿದೆ.

“ಇಲ್ಲ ಸಾರ್, ದೂರದಿಂದ ಒಂದು ಫೋಟೋ ತೆಗೆದುಕೊಂಡೆ ಅಷ್ಟೆ” ಎಂದ.

ಅವನಿಗೆ ಆಗ ನಾನು ಸರಿಯಾದ ಉತ್ತರ ಕೊಡಲಿಲ್ಲ. ಮೇಷ್ಟರ ಕಸುಬಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸವೆಸಿದವನಿಗೆ ಉತ್ತರ ಬಾಕಿ ಉಳಿಸಿಕೊಳ್ಳುವುದು ಒಗ್ಗದ ಸಂಗತಿ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವನ ಮಾತು ತಪ್ಪು. ಅವನೊಬ್ಬನದೇ ಅಲ್ಲ, ಹಳೆಯ ಕಲಾವಿದರು ಸಹಿಗೆ ಹಣ ಪಡೆಯುವುದನ್ನು ಕಂಡು ಮೂಗು ಮುರಿಯುವ ಎಲ್ಲರ ಮಾತೂ ತಪ್ಪು. ಹಿಂದೊಮ್ಮೆ ಮಗಳ ಮನೆಯಲ್ಲಿ ಆರು ತಿಂಗಳು ಇದ್ದಾಗ ಆ ದೇಶದ ಹಳೆಯ ಹಾಸ್ಯ ಧಾರಾವಾಹಿಗಳನ್ನು ಮಧ್ಯಾಹ್ನದ ಹೊತ್ತು ನೋಡುತ್ತಾ, ಅವುಗಳ ನಟನಟಿಯರ ಬದುಕನ್ನು ಓದಿ ತಿಳಿಯುವ ಹವ್ಯಾಸ ನನಗೆ ಹತ್ತಿಕೊಂಡಿತು. ಅದಕ್ಕೂ ಮೊದಲು ನಾನೂ ಇದೇ ಬಗೆಯಲ್ಲಿ ಮೂಗು ಮುರಿದವನೇ.

‘ಗಿಲಿಗನ್ಸ್ ಐಲೆಂಡ್’ ಎಂಬ ಧಾರಾವಾಹಿಯಿಂದ ಆರಂಭಿಸುತ್ತೇನೆ. ಏಳು ಮಂದಿ ಪ್ರಯಾಣಿಕರ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ನಿರ್ಜನ ದ್ವೀಪವೊಂದನ್ನು ಸೇರುತ್ತದೆ. ಅಲ್ಲಿಂದ ಪಾರಾಗಲು ಅವರು ಪಡುವ ಪಾಡೇ ಹಾಸ್ಯದ ವಸ್ತು. 1964ರಿಂದ 1967ರವರೆಗೆ ಸಿಬಿಎಸ್ ವಾಹಿನಿಯಲ್ಲಿ 98 ಕಂತುಗಳು ಪ್ರಸಾರವಾದವು. ಪ್ರತಿ ಕಂತಿನ ಮೊದಲಿಗೆ ಪಾತ್ರಗಳನ್ನು ಪರಿಚಯಿಸುವ ಹಾಡೊಂದಿದೆ. ಮೊದಲ ವರ್ಷದ ಹಾಡಿನಲ್ಲಿ ಐದು ಪಾತ್ರಗಳನ್ನು ಮಾತ್ರ ಬಿಡಿಬಿಡಿಯಾಗಿ ಹೇಳಿ, ಪ್ರೊಫೆಸರ್ ಮತ್ತು ಮೇರಿ ಆ್ಯನ್ ಎಂಬಿಬ್ಬರನ್ನು ‘ಇತರರು’ ಎಂಬರ್ಥದ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ಏಳು ಜನರಲ್ಲಿ ಐವರಿಗೆ ಗುರುತು, ಇಬ್ಬರಿಗೆ ‘ಇತ್ಯಾದಿ’! ಆ ಇಬ್ಬರು ತೆರೆಯ ಮೇಲೆ ಮಾಡಿದ ಕೆಲಸವೇನೂ ಕಡಿಮೆಯದಲ್ಲ. ನಾಯಕ ಪಾತ್ರದ ಬಾಬ್ ಡೆನ್ವರ್ ಪಟ್ಟುಹಿಡಿದ ಮೇಲೆ ಎರಡನೆಯ ವರ್ಷದಿಂದ ಹಾಡು ಬದಲಾಯಿತು. ಡೆನ್ವರ್ ಅವರ ಈ ಸಜ್ಜನಿಕೆಗೆ ನಾನು ಕೈಮುಗಿಯುತ್ತೇನೆ. ಹಾಡೇನೋ ಬದಲಾಯಿತು, ಲೆಕ್ಕದ ಪುಸ್ತಕ ಬದಲಾಗಲಿಲ್ಲ.

ಲೆಕ್ಕದ ಪುಸ್ತಕ ಎಂದೆನಲ್ಲ, ನನ್ನ ವಾದದ ತಿರುಳು ಅಲ್ಲಿಯೇ ಇದೆ. ಒಂದು ಧಾರಾವಾಹಿ ಮರುಪ್ರಸಾರವಾದಾಗ ನಟರಿಗೆ ಸಲ್ಲುವ ಗೌರವಧನವನ್ನು ಅಲ್ಲಿ ‘ರೆಸಿಡ್ಯುಯಲ್’ ಎನ್ನುತ್ತಾರೆ. ಆ ಕಾಲದ ಒಪ್ಪಂದಗಳಲ್ಲಿ ಈ ಹಣ ಮೊದಲ ಕೆಲವು ಮರುಪ್ರಸಾರಗಳಿಗೆ ಮಾತ್ರ ಸೀಮಿತವಾಗಿತ್ತು. ಎಷ್ಟು ಬಾರಿ ಪ್ರಸಾರವಾದರೂ ಹಣ ಸಲ್ಲಬೇಕೆಂಬ ಹಕ್ಕನ್ನು ನಟರ ಸಂಘ ಪಡೆದದ್ದು 1974ರ ಒಪ್ಪಂದದಲ್ಲಿ. ಅಷ್ಟರಲ್ಲಿ ‘ಗಿಲಿಗನ್ಸ್ ಐಲೆಂಡ್’ ಚಿತ್ರೀಕರಣ ಮುಗಿದು ಏಳು ವರ್ಷ ಕಳೆದಿತ್ತು. ಮುಂದೆ ಆ 98 ಕಂತುಗಳು ದಶಕಗಳ ಕಾಲ ಊರೂರಿನ ವಾಹಿನಿಗಳಲ್ಲಿ ಓಡಿದವು. ಶಾಲೆಯಿಂದ ಬಂದ ಮಕ್ಕಳು ನೋಡಿದರು; ಆ ಮಕ್ಕಳ ಮಕ್ಕಳೂ ನೋಡಿದರು. ಪ್ರತಿ ಬಾರಿಯೂ ನಡುನಡುವೆ ಜಾಹೀರಾತು ಬಂತು. ಪ್ರತಿ ಜಾಹೀರಾತಿಗೂ ಯಾರೋ ಹಣ ಕೊಟ್ಟರು, ಯಾರೋ ಪಡೆದರು. ತೆರೆಯ ಮೇಲಿದ್ದ ಮುಖಗಳಿಗೆ ಮಾತ್ರ ಅದರಲ್ಲಿ ಪಾಲಿರಲಿಲ್ಲ.

ಹಾಗಾದರೆ ಅವರಿಗೆ ಉಳಿದದ್ದೇನು? ಜನ ಗುರುತು ಹಿಡಿಯುವ ಮುಖ ಮತ್ತು ಸ್ವಂತ ಕೈಬರಹದ ಹೆಸರು. ಸ್ಕಿಪ್ಪರ್ ಪಾತ್ರದ ಅಲನ್ ಹೇಲ್ ಜೂನಿಯರ್ ಲಾಸ್ ಏಂಜಲೀಸಿನಲ್ಲಿ ಸಮುದ್ರಾಹಾರದ ಹೋಟೆಲೊಂದನ್ನು ನಡೆಸಿ, ಆ ಪಾತ್ರದ ಟೋಪಿ ಧರಿಸಿಯೇ ಗಿರಾಕಿಗಳನ್ನು ಬರಮಾಡಿಕೊಳ್ಳುತ್ತಿದ್ದರು. ಹೋಟೆಲಿನವನು ಊಟಕ್ಕೆ ಹಣ ಪಡೆದರೆ ಯಾರೂ ‘ಅಧೋಗತಿ’ ಎನ್ನುವುದಿಲ್ಲ. ಅದೇ ಮನುಷ್ಯ ಸಹಿಗೆ ಹಣ ಪಡೆದರೆ ಏಕೆ ಹಾಗೆನ್ನಬೇಕು?

ಪ್ರೊಫೆಸರ್ ಪಾತ್ರದ ರಸೆಲ್ ಜಾನ್ಸನ್ ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿದ್ದವರು. 1945ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಅವರ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರು. ಅವರ ಎರಡೂ ಪಾದಗಳ ಕೀಲುಗಳು ಮುರಿದವು. ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಅವರಿಗೆ ದೊರೆಯಿತು. ನಿವೃತ್ತ ಸೈನಿಕರಿಗೆ ಸರ್ಕಾರ ಒದಗಿಸಿದ್ದ ಶಿಕ್ಷಣ ಸೌಲಭ್ಯದಿಂದಲೇ ಅವರು ಅಭಿನಯ ಕಲಿತರು. ಹಾಡು ‘ಇತರರು’ ಎಂದು ಕರೆದದ್ದು ಇಂಥವರನ್ನು.

ಮತ್ತೊಬ್ಬರು ಮೇರಿ ಆ್ಯನ್ ಪಾತ್ರದ ಡಾನ್ ವೆಲ್ಸ್. 1959ರಲ್ಲಿ ನೆವಾಡ ರಾಜ್ಯದ ಸುಂದರಿಯಾಗಿ ಆಯ್ಕೆಯಾಗಿದ್ದವರು, ಬಳಿಕ ರಂಗಭೂಮಿಯಲ್ಲಿ ದೀರ್ಘಕಾಲ ದುಡಿದವರು. 2018ರಲ್ಲಿ, ಎಂಬತ್ತರ ಅಂಚಿನಲ್ಲಿದ್ದ ಅವರು ಆಸ್ಪತ್ರೆಯ ವೆಚ್ಚ ಮತ್ತು ಸಾಲದಿಂದ ಕಂಗೆಟ್ಟಾಗ ಗೆಳೆಯರೊಬ್ಬರು ಅಂತರ್ಜಾಲದಲ್ಲಿ ಸಹಾಯನಿಧಿ ತೆರೆಯಬೇಕಾಯಿತು. ಅಭಿಮಾನಿಗಳು ಉದಾರವಾಗಿ ಕೊಟ್ಟರು. 2020ರ ಡಿಸೆಂಬರ್ 30ರಂದು, ಕೋವಿಡ್ ಕಾಲದಲ್ಲಿ ಅವರು ತೀರಿಕೊಂಡರು. ಓದುಗರು ಯೋಚಿಸಬೇಕು: ಸಹಾಯನಿಧಿಗೆ ಹಣ ಹಾಕಿದರೆ ಅದು ದಾನ, ಮೇಜಿನ ಮುಂದೆ ನಿಂತು ಸಹಿ ಹಾಕಿಸಿಕೊಂಡು ಹಣ ಕೊಟ್ಟರೆ ಅದು ಸಂಬಳ, ಬಹಳ ತಡವಾಗಿ ಸಂದ ಸಂಬಳ. ಸ್ವಾಭಿಮಾನವುಳ್ಳ ಯಾವ ದುಡಿಮೆಗಾರನೂ ಇವೆರಡರಲ್ಲಿ ಎರಡನೆಯದನ್ನೇ ಆರಿಸುತ್ತಾನೆ. ‘ಸಹಿ ಮಾರಿಕೊಳ್ಳುವುದು ಭಿಕ್ಷೆಗೆ ಸಮ’ ಎನ್ನುವವರು ಭಿಕ್ಷೆಯನ್ನೂ ಅರಿತಿಲ್ಲ, ದುಡಿಮೆಯನ್ನೂ ಅರಿತಿಲ್ಲ.

ಸಹನಟರ ಪಾಡು ಹಣದ ಮಟ್ಟಿಗೆ ಮಾತ್ರವೇ ಎಂದರೆ ಅಲ್ಲ. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ಯಲ್ಲಿ ಲುಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ದಂಪತಿಗೆ ನೆರೆಮನೆಯ ಜೋಡಿಯಾಗಿ ನಟಿಸಿದವರು ವಿವಿಯನ್ ವ್ಯಾನ್ಸ್ ಮತ್ತು ವಿಲಿಯಂ ಫ್ರಾಲಿ. ಇಬ್ಬರ ವಯಸ್ಸಿನ ಅಂತರ 22 ವರ್ಷ. ತಂದೆಯ ವಯಸ್ಸಿನವರಿಗೆ ಹೆಂಡತಿಯಾಗಿ ನಟಿಸುವುದು ವ್ಯಾನ್ಸ್ ಅವರಿಗೆ ಹಿಡಿಸಿರಲಿಲ್ಲ. ಅದು ಫ್ರಾಲಿಯವರ ಕಿವಿಗೂ ಬಿದ್ದು, ಇಬ್ಬರ ನಡುವೆ ಮಾತುಕತೆಯೇ ಕಷ್ಟವಾಯಿತು. ಆದರೂ ಕ್ಯಾಮೆರಾದ ಮುಂದೆ, ಸಭಿಕರ ಎದುರಿನಲ್ಲಿ, ಅವರ ಕಾಲಗತಿ ಒಂದಿನಿತೂ ತಪ್ಪುತ್ತಿರಲಿಲ್ಲ. 1954ರಲ್ಲಿ ವ್ಯಾನ್ಸ್ ಅವರಿಗೆ ಎಮ್ಮಿ ಪ್ರಶಸ್ತಿ ಬಂತು. ಫ್ರಾಲಿಯವರ ಹೆಸರು ಐದು ಬಾರಿ ಸ್ಪರ್ಧೆಯಲ್ಲಿದ್ದೂ ಪ್ರಶಸ್ತಿ ಬರಲಿಲ್ಲ. 1966ರಲ್ಲಿ ಹಾಲಿವುಡ್‌ನ ಬೀದಿಯಲ್ಲಿ ನಡೆಯುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಕಂಡಕಂಡಲ್ಲಿ ಜನ ‘ಎಥೆಲ್’ ಎಂದು ಪಾತ್ರದ ಹೆಸರಿನಿಂದಲೇ ಕೂಗುತ್ತಿದ್ದುದರಿಂದ ಬೇಸತ್ತಿದ್ದ ವ್ಯಾನ್ಸ್, 1962ರ ‘ದ ಲೂಸಿ ಶೋ’ಗೆ ಬರುವಾಗ ಪಾತ್ರಕ್ಕೆ ತಮ್ಮದೇ ಹೆಸರಾದ ವಿವಿಯನ್ ಎಂದೇ ಇಡಬೇಕೆಂದು ಕೇಳಿ ಪಡೆದರು. ಹೆಸರು ಕಳೆದುಕೊಂಡವರಿಗೇ ಹೆಸರಿನ ಬೆಲೆ ಗೊತ್ತು. ಸಹನಟಿಯೊಬ್ಬಳು ಕಾಗದದ ಮೇಲೆ ತನ್ನ ಹೆಸರು ಬರೆಯುವಾಗ ‘ನಾನು ಪಾತ್ರವಲ್ಲ, ನಾನು ಈ ಮನುಷ್ಯಳು’ ಎಂದು ಸಾರುತ್ತಿರುತ್ತಾಳೆ. ಅದನ್ನು ನೋಡಿ ನಗುವುದು ಹೇಗೆ ಸಾಧ್ಯ?

‘ಹಿಂದಿನವರು ಉಚಿತವಾಗಿ ಸಹಿ ಹಾಕಿಕೊಡುತ್ತಿದ್ದರಲ್ಲ’ ಎಂಬ ಆಕ್ಷೇಪವಿದೆ. ಉಚಿತದ ಕಥೆಯನ್ನೂ ಕೇಳಿ. ಅಂಚೆಯಲ್ಲಿ ಬಂದ ಎಷ್ಟೋ ಸಹಿಗಳನ್ನು ಹಾಕಿದವರು ಕಾರ್ಯದರ್ಶಿಗಳು. ಇನ್ನೆಷ್ಟೋ ರಬ್ಬರ್ ಮೊಹರಿನವು, ಚಿತ್ರದ ಜೊತೆಗೇ ಅಚ್ಚಾದವು. ನಿಜವಾದ ಉಚಿತ ಸಹಿಗಳ ಪೈಕಿ ಹಲವು ವ್ಯಾಪಾರಿಗಳ ಕೈಸೇರಿ ಒಳ್ಳೆಯ ಬೆಲೆಗೆ ಮಾರಾಟವಾದವು. ಸಹಿ ಹಾಕಿದವರಿಗೆ ಕವಡೆಯೂ ಸಿಗಲಿಲ್ಲ. ಖೋಟಾ ಸಹಿಗಳ ದಂಧೆಯಂತೂ ಹೇಳತೀರದು. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ತನಿಖೆ ನಡೆಸಿ, ಮುಖ್ಯವಾಗಿ ಕ್ರೀಡಾಪಟುಗಳ ಹೆಸರಿನಲ್ಲಿ ನಡೆಯುತ್ತಿದ್ದ ಖೋಟಾ ಸಹಿಗಳ ಜಾಲವನ್ನು ಬಯಲಿಗೆಳೆದಿತ್ತು. ಹೀಗಿರುವಾಗ ಕಣ್ಣೆದುರಿಗೆ ಕುಳಿತು, ನಿಮ್ಮ ಹೆಸರು ಕೇಳಿ, ನಿಮ್ಮ ಮುಂದೆಯೇ ಬರೆದುಕೊಡುವ ಮುದುಕಿಯ ಮೇಜೇ ಈ ಇಡೀ ಸಂತೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಅಂಗಡಿ.

ಇನ್ನೊಂದು ಮಾತೂ ಇದೆ. ‘ಐ ಲವ್ ಲೂಸಿ’ಯ ನಾಲ್ವರ ಸಹಿಗಳನ್ನು ಒಟ್ಟಿಗೆ ಬಯಸುವ ಸಂಗ್ರಾಹಕನಿಗೆ ಲೂಸಿಯ ಸಹಿಯೊಂದರಿಂದ ತೃಪ್ತಿಯಿಲ್ಲ. ಫ್ರಾಲಿ, ವ್ಯಾನ್ಸ್ ಸೇರದೆ ಆ ಹಾಳೆ ಪೂರ್ಣವಾಗುವುದಿಲ್ಲ. ಬದುಕಿದ್ದಾಗ ‘ಇತರರು’ ಆಗಿದ್ದವರು ಸತ್ತ ಮೇಲೆ ಅನಿವಾರ್ಯರಾಗುತ್ತಾರೆ! ಬದುಕಿರುವಾಗಲೇ ಆ ಬೆಲೆ ಅವರ ಕೈಗೆ ಸೇರಲಿ ಎನ್ನುವುದಷ್ಟೇ ನನ್ನ ವಾದ.

ಆಕ್ಷೇಪಕರ ಮಾತಿನಲ್ಲಿ ಒಂದಂಶ ನಿಜವೆಂದು ಒಪ್ಪುತ್ತೇನೆ. ಕೋಟಿಗಟ್ಟಲೆ ಗಳಿಸಿದ ತಾರೆಗಳೂ ಸಹಿಗೆ ದುಬಾರಿ ದರ ಕಟ್ಟುವುದುಂಟು. ಅವರ ಪರವಾಗಿ ನಾನು ವಕಾಲತ್ತು ವಹಿಸಿಲ್ಲ. ಕೈಯಲ್ಲಿ ಕಾಸಿಲ್ಲದ ಮಗುವೊಂದನ್ನು ಬರಿಗೈಯಲ್ಲಿ ಕಳಿಸುವವರನ್ನೂ ಸಮರ್ಥಿಸಲಾರೆ. ಕೆಲವರ ದುರಾಸೆಯನ್ನು ಕಂಡು ಎಲ್ಲರ ದುಡಿಮೆಯನ್ನು ಹಳಿಯುವುದು ಮಾತ್ರ ನ್ಯಾಯವಲ್ಲ.

ಮೇಜಿನ ಎರಡೂ ಬದಿಗೆ ಘನತೆ ಉಳಿಯುವ ದಾರಿಯೂ ಇದೆ. ‘ಆ್ಯಂಡಿ ಗ್ರಿಫಿತ್ ಶೋ’ದಲ್ಲಿ ಥೆಲ್ಮಾ ಲೂ ಪಾತ್ರ ಮಾಡಿದ ಬೆಟಿ ಲಿನ್ 2007ರಲ್ಲಿ ಲಾಸ್ ಏಂಜಲೀಸ್ ಬಿಟ್ಟು ಉತ್ತರ ಕ್ಯಾರೊಲಿನಾದ ಮೌಂಟ್ ಏರಿ ಎಂಬ ಸಣ್ಣ ಊರಿಗೆ ಬಂದು ನೆಲೆಸಿದರು. ಅದು ಆ್ಯಂಡಿ ಗ್ರಿಫಿತ್ ಹುಟ್ಟಿದ ಊರು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ತಿಂಗಳಿಗೊಮ್ಮೆ ಕುಳಿತು ಬಂದವರಿಗೆ ಸಹಿ ಹಾಕಿಕೊಡುತ್ತಿದ್ದರು, ಮಾತನಾಡಿಸುತ್ತಿದ್ದರು. ಅವರು ಆ ಧಾರಾವಾಹಿಯಲ್ಲಿ ಕಾಣಿಸಿಕೊಂಡದ್ದು 26 ಕಂತುಗಳಲ್ಲಿ ಮಾತ್ರ. ಆದರೂ 2021ರಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಆ ಊರು ತನ್ನ ಮನೆಮಗಳನ್ನೇ ಕಳೆದುಕೊಂಡಂತೆ ಮರುಗಿತು. ಸಹಿ ಅಲ್ಲಿ ಮಾತಿಗೆ ನೆಪವಾಗಿತ್ತು.

ನಮ್ಮ ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಬೀಳ್ಕೊಡುಗೆಯ ದಿನ ಬಣ್ಣಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕ ಹಿಡಿದು ಬರುತ್ತಿದ್ದುದು ನೆನಪಾಗುತ್ತದೆ. ಮೊದಲು ಮುಖ್ಯೋಪಾಧ್ಯಾಯರ ಬಳಿ, ಆಮೇಲೆ ನಮ್ಮ ಬಳಿ. ಹತ್ತು ವರ್ಷ ಗಂಟೆ ಬಾರಿಸಿದ ಜವಾನನ ಬಳಿಗೆ ಯಾರೂ ಹೋಗುತ್ತಿರಲಿಲ್ಲ. ಹೋಗಿರೆಂದು ನಾನೂ ಹೇಳಲಿಲ್ಲ. ‘ಇತರರು’ ಎಂಬ ಪಾಠವನ್ನು ನಾವೇ ಕಲಿಸಿದ್ದೆವೇನೋ!

ಅಮೆರಿಕಕ್ಕೆ ಮರಳಿರುವ ನನ್ನ ವಿದ್ಯಾರ್ಥಿಗೆ ಈಗ ಉತ್ತರ ಹೇಳುತ್ತೇನೆ. ಆ ದಿನ ಅಲ್ಲಿ ತಲೆತಗ್ಗಿಸಬೇಕಾದವರು ಆ ಹಿರಿಯ ನಟಿಯಲ್ಲಪ್ಪಾ. ಅವರು ತಮ್ಮ ಹೆಸರಿಗೆ ಬೆಲೆ ಹೇಳಿ ರಾಜಾರೋಷವಾಗಿ ಕುಳಿತಿದ್ದರು. ನೀನು ಅವರ ಮುಖವನ್ನು ದೂರದಿಂದ, ಕೇಳದೆ, ಪುಕ್ಕಟೆಯಾಗಿ ತೆಗೆದುಕೊಂಡು ಬಂದೆ. ಮುಂದಿನ ಸಲ ಸಾಲಿನಲ್ಲಿ ನಿಲ್ಲು. ಅವರ ಯಾವ ದೃಶ್ಯ ನಿನ್ನನ್ನು ನಗಿಸಿತೆಂದು ಹೇಳು. ಚೌಕಾಸಿ ಮಾಡದೆ ಹಣ ಕೊಡು. ಆ ಸಹಿಯನ್ನು ಮಾರಬೇಡ, ಮನೆಯಲ್ಲಿಡು. ಮಕ್ಕಳು ಯಾರಿವರು ಎಂದು ಕೇಳಿದರೆ ಪಾತ್ರದ ಹೆಸರಿಗಿಂತ ಮೊದಲು ಅವರ ಸ್ವಂತ ಹೆಸರನ್ನು ಹೇಳು.