ಒಂದು ನಿಮಿಷದ ಅಡಿಗೆ

‘ಹಾಟ್ ಡಾಗ್’ ಎಂಬ ಹೆಸರನ್ನು ಕೇಳಿ ಯಾರೂ ಬೆಚ್ಚಬೇಕಾಗಿಲ್ಲ. ಜರ್ಮನ್ ವಲಸೆಗಾರರೊಡನೆ ಅಮೆರಿಕೆಗೆ ಬಂದ ಮಾಂಸದ ನೀಳ ಸಾಸೇಜನ್ನು ಉದ್ದನೆಯ ಬನ್ನಿನ ಸೀಳಿನಲ್ಲಿಟ್ಟು, ಅರೆದ ಸಾಸಿವೆಯನ್ನು ಸವರಿದರೆ ಅದೇ ಹಾಟ್ ಡಾಗ್. ಹೊತ್ತುಮೀರಿ ಮನೆಗೆ ಬಂದ ಅಲ್ಲಿನ ಗೃಹಿಣಿಗೆ ಅದು ಆಪದ್ಬಾಂಧವ. ಅಂಗಡಿಯ ಸಾಸೇಜು ಸಾಮಾನ್ಯವಾಗಿ ಬೆಂದೇ ಬಂದಿರುತ್ತದೆ. ಉಳಿದಿರುವುದು ಚೆನ್ನಾಗಿ ಬಿಸಿ ಮಾಡುವ ಕೆಲಸವೊಂದೇ. ಅದನ್ನು ಎಷ್ಟು ಬೇಗ ಮುಗಿಸಬಹುದೆಂಬ ಆತುರದಲ್ಲಿ ಅಮೆರಿಕನ್ನರು ಹುಡುಕಿಕೊಂಡ ಉಪಾಯಗಳು ವಿಚಿತ್ರವಾದವು.

ಎಲ್ಲಕ್ಕಿಂತ ವಿಚಿತ್ರವಾದುದು ವಿದ್ಯುತ್ತಿನ ಉಪಾಯ. 1960 ಮತ್ತು 1970ರ ದಶಕಗಳಲ್ಲಿ ಪ್ರೆಸ್ಟೊ ಕಂಪನಿಯ ‘ಹಾಟ್ ಡಾಗರ್’ ಎಂಬ ಯಂತ್ರ ಅಲ್ಲಿನ ಮನೆಗಳನ್ನು ಸೇರಿತು. ಅದರಲ್ಲಿ ಜ್ವಾಲೆಯಿಲ್ಲ, ಕಾಯುವ ತಂತಿಯೂ ಇಲ್ಲ. ಸಾಸೇಜಿನ ಎರಡು ತುದಿಗಳನ್ನೂ ಲೋಹದ ಮುಳ್ಳುಗಳಿಗೆ ಚುಚ್ಚಿ, ಅದರ ಮೂಲಕವೇ ವಿದ್ಯುತ್ತನ್ನು ಹರಿಸುವುದು. ಮಾಂಸದೊಳಗಿನ ಉಪ್ಪುನೀರು ವಿದ್ಯುತ್ತಿಗೆ ದಾರಿ ಕೊಡುತ್ತದೆ, ಆದರೆ ತಡೆದು ತಡೆದು ಕೊಡುತ್ತದೆ; ಆ ತಡೆಯೇ ಶಾಖವಾಗಿ ಮಾರ್ಪಡುತ್ತದೆ. ಆರು ಸಾಸೇಜುಗಳು ಸುಮಾರು ಒಂದು ನಿಮಿಷದಲ್ಲಿ ಸಿದ್ಧ!

ಯಂತ್ರವಿಲ್ಲದ ಸಾಹಸಿಗಳು ಹಲಗೆ, ಮೊಳೆ, ತಂತಿಗಳಿಂದ ಇದನ್ನೇ ಮಾಡಹೊರಟದ್ದುಂಟು. ಅದು ಅಡಿಗೆಯಲ್ಲ, ಮೃತ್ಯುವಿನೊಡನೆ ಸರಸ. ಮನುಷ್ಯನ ಶರೀರದಲ್ಲಿರುವುದೂ ಉಪ್ಪುನೀರೇ. ಅಮೆರಿಕೆಯ ಮನೆಗಳ 120 ವೋಲ್ಟೇ ಪ್ರಾಣ ತೆಗೆಯಬಲ್ಲದು. ಭಾರತದ ಮನೆಗಳಲ್ಲಿ ಹರಿಯುವುದು 230 ವೋಲ್ಟ್. ಈ ಪ್ರಯೋಗವನ್ನು ಓದಿ ಸಂತೋಷಪಡಬಹುದೇ ಹೊರತು ಮಾಡಿನೋಡುವಂತಿಲ್ಲ.

1967ರಲ್ಲಿ ಅಮಾನಾ ಕಂಪನಿ ಅಡಿಗೆಮನೆಯ ಕಟ್ಟೆಯ ಮೇಲಿಡಬಹುದಾದ ಮೈಕ್ರೋವೇವ್ ಒಲೆಯನ್ನು ಮಾರಾಟಕ್ಕೆ ತಂದಿತು. ಬರಬರುತ್ತ ಆ ಒಲೆ ಮನೆಮನೆಯನ್ನೂ ಸೇರಿ, ಇಂಥ ಸಾಹಸಕ್ಕೆ ಕಾರಣವೇ ಇಲ್ಲದಂತಾಯಿತು. ಆದರೆ ಅಲ್ಲಿಯೂ ಒಂದು ಎಚ್ಚರ ಬೇಕು. ಸೀಳದ ಮೆಣಸಿನಕಾಯಿ ಕಾದ ಎಣ್ಣೆಯಲ್ಲಿ ಸಿಡಿಯುವಂತೆ, ಚುಚ್ಚದ ಸಾಸೇಜು ಒಳಗಿನ ಹಬೆಯಿಂದ ಸಿಡಿಯುತ್ತದೆ. ಮೊದಲೇ ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿಡಬೇಕು.

ಯಾವ ಯಂತ್ರವನ್ನೂ ಬೇಡದ ಜಾಣತನಗಳೂ ಉಂಟು. ಸಾಸೇಜನ್ನು ಉದ್ದಕ್ಕೆ ಸೀಳಿ, ಪುಸ್ತಕದಂತೆ ಬಿಡಿಸಿ, ಕಾದ ಕಾವಲಿಯ ಮೇಲೆ ಒತ್ತಿದರೆ ಬಿಸಿ ಬೇಗನೆ ಒಳಗಿಳಿಯುತ್ತದೆ; ಕೆಲವೇ ನಿಮಿಷಗಳಲ್ಲಿ ಅಂಚೂ ಗರಿಯಾಗುತ್ತದೆ. ಇನ್ನೊಂದು, ತಾಯಂದಿರ ಉಪಾಯ. ಬೆಳಿಗ್ಗೆ ಒಲೆಯ ಮೇಲೆ ಬಿಸಿಮಾಡಿದ ಸಾಸೇಜನ್ನು ಕುದಿನೀರು ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿಳಿಸಿ, ಬನ್ನನ್ನು ಬೇರೆಯಾಗಿ ಕಟ್ಟಿಕೊಡುತ್ತಾರೆ. ಮಧ್ಯಾಹ್ನ ಶಾಲೆಯಲ್ಲಿ ಮಗು ಮುಚ್ಚಳ ತೆಗೆದರೆ ಬಿಸಿ ಊಟ ಕಾದಿರುತ್ತದೆ.

ಬೇಗ ಎಂದರೆ ಅರೆಬಿಸಿ ಎಂದು ಮಾತ್ರ ತಿಳಿಯಬಾರದು. ಲಿಸ್ಟೀರಿಯ ಎಂಬ ರೋಗಾಣು ರೆಫ್ರಿಜರೇಟರಿನ ಚಳಿಯಲ್ಲಿಯೂ ಬೆಳೆಯಬಲ್ಲದು. ಆದ್ದರಿಂದ ಗರ್ಭಿಣಿಯರೂ ವೃದ್ಧರೂ ಸಾಸೇಜನ್ನು 74 ಡಿಗ್ರಿ ಸೆಲ್ಸಿಯಸ್ ತಲಪುವವರೆಗೆ, ಅಂದರೆ ಹಬೆಯಾಡುವವರೆಗೆ ಕಾಯಿಸಿಯೇ ತಿನ್ನಬೇಕೆಂಬುದು ಅಮೆರಿಕೆಯ ಆರೋಗ್ಯಾಧಿಕಾರಿಗಳ ಸಲಹೆ. ದುಂಡನೆಯ ತುಂಡು ಎಳೆಯ ಮಕ್ಕಳ ಗಂಟಲಿಗೆ ಬಿರಡೆಯಂತೆ ಸಿಕ್ಕಿಕೊಳ್ಳಬಹುದು. ನಾಲ್ಕು ವರ್ಷ ತುಂಬದ ಮಗುವಿಗಾದರೆ ಅದನ್ನು ಉದ್ದಕ್ಕೆ ಸೀಳಿ, ಮತ್ತೆ ಸಣ್ಣಗೆ ಕತ್ತರಿಸಿಯೇ ಕೊಡಬೇಕು. ಆ ಕತ್ತರಿಸುವಿಕೆಗೆ ತಗಲುವ ಒಂದು ನಿಮಿಷವನ್ನು ಮಾತ್ರ ಎಷ್ಟೇ ಅವಸರವಿದ್ದರೂ ಉಳಿಸಹೋಗಬಾರದು.