ನಿಂತ ದೂರವಾಣಿಗೂ ಗಡುವು ಬೇಕು

ತೋಟದಲ್ಲಿ ಮರ ಬಿದ್ದರೆ ನಷ್ಟವನ್ನು ಎಣಿಸಬಹುದು. ಬಿದ್ದ ಸುದ್ದಿಯನ್ನು ಹೊರಗೆ ತಿಳಿಸಲಾಗದೆ, ಕಾಯಿಲೆಯವರಿಗೆ ವಾಹನ ಕರೆಸಲಾಗದೆ ಕಳೆದ ದಿನಗಳಿಗೆ ಲೆಕ್ಕವೆಲ್ಲಿ? ಆದರೂ ದೂರವಾಣಿ ನಿಂತಾಗ “ಗಾಳಿಮಳೆ, ಯಾರೇನು ಮಾಡಲಾದೀತು?” ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿಯಾಗಿದೆ. ಈ ರೂಢಿ ಸರಿಯಲ್ಲವೆಂಬುದಕ್ಕೆ, ನಮ್ಮಂತೆಯೇ ಮರಗಳನ್ನು ನಂಬಿ ಬಾಳುವ ಸಣ್ಣ ಹಿಡುವಳಿದಾರರ ನಾಡೊಂದರ ಅನುಭವವನ್ನು ಬೆಳೆಗಾರ ಬಾಂಧವರ ಮುಂದಿಡುತ್ತಿದ್ದೇನೆ.

ಆ ನಾಡು ದಕ್ಷಿಣ ಸ್ವೀಡನ್. ಅಲ್ಲಿನ ಕಾಡಿನ ಬಹುಪಾಲು ಖಾಸಗಿ ಕುಟುಂಬಗಳದು. 1938ರಲ್ಲಿ ಆರಂಭವಾದ ‘ಸೋದ್ರಾ’ ಎಂಬ ಸಹಕಾರ ಸಂಸ್ಥೆಯಲ್ಲಿ ಸಾವಿರಾರು ಮಂದಿ ಸದಸ್ಯರಿದ್ದಾರೆ. 2005ರ ಜನವರಿ 8ರಂದು ‘ಗುಡ್ರುನ್’ ಎಂದು ಹೆಸರಾದ ಚಳಿಗಾಲದ ಬಿರುಗಾಳಿ ಈ ನಾಡಿನ ಮೇಲೆ ಬಂತು. ನೆಲ ಹೆಪ್ಪುಗಟ್ಟಿರಲಿಲ್ಲ, ನೆನೆದಿತ್ತು. ಆಳಕ್ಕೆ ಬೇರು ಬಿಡದ ಸ್ಪ್ರೂಸ್ ಮರಗಳು ಸಾಲುಸಾಲಾಗಿ ಬುಡಮೇಲಾದವು. ಬಿದ್ದ ಮರದ ಪ್ರಮಾಣ ಸುಮಾರು ಏಳೂವರೆ ಕೋಟಿ ಘನಮೀಟರು. ಏಳು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ನಿಂತಿತು, ಲಕ್ಷಕ್ಕೂ ಮೀರಿ ದೂರವಾಣಿಗಳು ಮೂಕವಾದವು. ಕೆಲವು ಹಳ್ಳಿಮನೆಗಳಿಗೆ ವಿದ್ಯುತ್ ಮರಳಲು ಒಂದು ತಿಂಗಳೂ ಸಾಲಲಿಲ್ಲ.

ದುರಸ್ತಿ ಏಕೆ ತಡವಾಯಿತೆಂಬುದನ್ನು ನಾವು ಗಮನಿಸಬೇಕು. ತಂತಿಗಳು ಮರಗಳ ಅಡಿಯಲ್ಲಿ ಸಿಕ್ಕಿದ್ದವು. ಅಲ್ಲಿಗೆ ಹೋಗುವ ದಾರಿಗಳಿಗೂ ಮರಗಳು ಅಡ್ಡ ಬಿದ್ದಿದ್ದವು. ಮೊಬೈಲ್ ಇದೆಯಲ್ಲ ಎಂದು ನಂಬಿದವರಿಗೂ ನಿರಾಶೆ ಕಾದಿತ್ತು. ಟವರುಗಳು ಕೆಲವು ಗಂಟೆ ಬ್ಯಾಟರಿಯಲ್ಲಿ ನಡೆದು, ವಿದ್ಯುತ್ ಬಾರದೆ ನಿಂತುಹೋದವು. ಇತ್ತ ವಿದ್ಯುತ್ ತಂತಿ ಸರಿಪಡಿಸುವ ಕೆಲಸಗಾರರಿಗೂ ಪರಸ್ಪರ ಮಾತನಾಡಲು ಅದೇ ಫೋನು ಬೇಕು. ವಿದ್ಯುತ್ತಿಲ್ಲದೆ ಫೋನಿಲ್ಲ, ಫೋನಿಲ್ಲದೆ ವಿದ್ಯುತ್ ದುರಸ್ತಿ ಸಾಗದು. ಈ ಗಂಟನ್ನು ಬಿಡಿಸುವಲ್ಲಿ ಸ್ಥಳೀಯ ರೈತರೂ ಕಾಡಿನ ಒಡೆಯರೂ ತಮ್ಮ ಟ್ರಾಕ್ಟರು, ಮರ ಕೊಯ್ಯುವ ಯಂತ್ರಗಳೊಡನೆ ದಾರಿ ತೆರವು ಮಾಡಿಕೊಟ್ಟರು. ಆದರೆ ಬಿದ್ದ ಮರ ಕೊಯ್ಯುವಾಗ ಪ್ರಾಣ ತೆತ್ತವರೂ ಇದ್ದಾರೆ. ಆದ್ದರಿಂದ ಇದು ಅನುಭವಸ್ಥರು ಮಾಡಬೇಕಾದ ಕೆಲಸ.

ಅಲ್ಲಿನ ಸರ್ಕಾರ ಅನುಕಂಪ ಸೂಚಿಸಿ ಕೈತೊಳೆದುಕೊಳ್ಳಲಿಲ್ಲ. ವಿದ್ಯುತ್ 12 ಗಂಟೆ ನಿಂತರೆ ಗ್ರಾಹಕನಿಗೆ ಪರಿಹಾರ ಸಲ್ಲಬೇಕೆಂಬ ಕಾಯಿದೆ 2006ರಿಂದ ಜಾರಿಗೆ ಬಂತು. ಕಂಪನಿಯ ಹತೋಟಿ ಮೀರಿದ ಸಂದರ್ಭಗಳ ಹೊರತು 24 ಗಂಟೆಗಿಂತ ಹೆಚ್ಚು ವಿದ್ಯುತ್ ನಿಲ್ಲಕೂಡದೆಂಬ ನಿಯಮ 2011ರಿಂದ ಬಂತು. ಗಡುವು ಬಿದ್ದೊಡನೆ ಕಂಪನಿಗಳು ಸಾವಿರಾರು ಕಿಲೋಮೀಟರು ತಂತಿಯನ್ನು ನೆಲದಡಿ ಹಾಕಲು ಮುಂದಾದವು. ಉಪದೇಶದಿಂದ ಆಗದ ಕೆಲಸ ದಂಡದ ಭಯದಿಂದ ಆಯಿತು.

ನಮ್ಮ ಸ್ಥಿತಿ ಏನು? ಇಲ್ಲಿ ಹಿಮದ ಬದಲು ಮುಂಗಾರು, ಸ್ಪ್ರೂಸ್ ಬದಲು ಸಿಲ್ವರ್ ಮರ. ಗಂಟು ಮಾತ್ರ ಅದೇ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ರಸ್ತೆ, ವಿದ್ಯುತ್, ದೂರವಾಣಿ ಮೂರೂ ಒಟ್ಟಿಗೆ ಕಡಿದದ್ದನ್ನು ಯಾರೂ ಮರೆತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ನಿಯಮದಂತೆ, ಜಿಲ್ಲೆಯಲ್ಲಿ ಜಾಲ 24 ಗಂಟೆ ಮೀರಿ ನಿಂತರೆ ಚಂದಾದಾರರಿಗೆ ಬಾಡಿಗೆ ರಿಯಾಯಿತಿ ಅಥವಾ ಅವಧಿ ವಿಸ್ತರಣೆ ದೊರೆಯಬೇಕು. ಸಂತೋಷ. ಆದರೆ ಪ್ರಕೃತಿ ವಿಕೋಪದಿಂದ ನಿಂತರೆ ಈ ನಿಯಮ ಅನ್ವಯಿಸದು! ಮಲೆನಾಡಿನಲ್ಲಿ ಜಾಲ ನಿಲ್ಲುವುದೇ ಗಾಳಿಮಳೆಯಿಂದ. ಕೊಡೆ ಕೊಟ್ಟು, ಮಳೆಯಲ್ಲಿ ಬಿಚ್ಚಬೇಡಿ ಎಂದಂತಾಯಿತು.

ನಾಲ್ಕು ಮನೆಗಾಗಿ ಇಷ್ಟು ಖರ್ಚೇ ಎಂದು ಕಂಪನಿಗಳು ಕೇಳಬಹುದು. ಕುಸಿದ ಗುಡ್ಡದ ಮೇಲೆ ಒಂದೇ ದಿನದಲ್ಲಿ ತಂತಿ ಎಳೆಯಿರೆಂದು ನಾವೂ ಹೇಳುವುದಿಲ್ಲ. ಆದರೆ ಮುಂಗಾರು ಹೇಳದೆ ಬರುವ ನೆಂಟನಲ್ಲ. ಜೂನ್ ಮೊದಲೇ ಟವರಿನ ಬ್ಯಾಟರಿ ಪರೀಕ್ಷಿಸುವುದು, ಜನರೇಟರಿಗೆ ಡೀಸೆಲ್ ತುಂಬಿಡುವುದು, ಒಂದು ಕಂಪನಿಯ ಟವರು ನಿಂತಾಗ ಇನ್ನೊಂದರ ಜಾಲದಲ್ಲಿ ಎಲ್ಲರ ಫೋನೂ ನಡೆಯುವಂತೆ ಮಾಡುವುದು ಅಸಾಧ್ಯದ ಮಾತಲ್ಲ. ಗಾಳಿ ಯಾರ ಕೈಯಲ್ಲೂ ಇಲ್ಲ. ಖಾಲಿ ಡೀಸೆಲ್ ಟ್ಯಾಂಕಿಗೆ ಮಾತ್ರ ಹೊಣೆಗಾರರಿದ್ದಾರೆ.

ಸಂಘದ ಆಡಳಿತ ಮಂಡಳಿಯು ಈ ವಿಷಯವನ್ನು ಕೈಗೆತ್ತಿಕೊಳ್ಳಲಿ. ವಿಕೋಪದ ವಿನಾಯಿತಿಗೂ ಒಂದು ಗಡುವು ಇರಬೇಕೆಂದು ಪ್ರಾಧಿಕಾರಕ್ಕೂ ನಮ್ಮ ಸಂಸದರಿಗೂ ಮನವಿ ಹೋಗಲಿ. ಪ್ರತಿ ಗ್ರಾಮದಲ್ಲಿ ಟವರಿನ ದಾರಿ ಯಾವ ತೋಟಗಳ ಮೂಲಕ ಹಾದುಹೋಗುತ್ತದೆ, ಮರ ಕೊಯ್ಯುವ ಯಂತ್ರ ಮತ್ತು ನುರಿತ ಆಳು ಯಾರಲ್ಲಿ ಇದ್ದಾರೆ ಎಂಬ ಪಟ್ಟಿ ಸಂಘದ ಕಚೇರಿಯಲ್ಲೂ ಲೈನ್‌ಮನ್ನರ ಬಳಿಯಲ್ಲೂ ಇರಲಿ. ತಂತಿಗೆ ತಾಗುವ ಕೊಂಬೆಗಳನ್ನು ವಿದ್ಯುತ್ ಇಲಾಖೆಗೆ ತಿಳಿಸಿ, ಮಳೆಗೆ ಮೊದಲೇ ಸವರಿಸುವುದು ನಮ್ಮ ಪಾಲಿನ ಕರ್ತವ್ಯ. ನಮ್ಮ ಪಾಲನ್ನು ನಾವು ಮಾಡಿದ್ದರೆ ಅವರ ಪಾಲನ್ನು ಕೇಳುವಾಗ ದನಿ ತಗ್ಗಿಸಬೇಕಾಗಿಲ್ಲ.