ಹೊಟ್ಟೆಗೆ ಬಿದ್ದ ಬೆಂಕಿ ಮತ್ತು ಸಂಶೋಧಕರ ಇಂಗ್ಲಿಷ್

ಸಾರ್ವಜನಿಕ ಆರೋಗ್ಯ ಓದುವ ವಿದ್ಯಾರ್ಥಿಗಳು ಮುಂಬಯಿಯ ನಮ್ಮ ಬಳಗದವರನ್ನು ಆಗಾಗ ಹುಡುಕಿಕೊಂಡು ಬರುತ್ತಾರೆ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೊಡನೆ ನಡೆಸಿದ ಸಂದರ್ಶನಗಳು ಅವರ ಮೊಬೈಲಿನಲ್ಲಿರುತ್ತವೆ. ಅವುಗಳನ್ನು ಬೇಗ ಇಂಗ್ಲಿಷಿಗೆ ಮಾಡಿಕೊಡಬೇಕು ಎಂಬುದೊಂದೇ ಅವರ ಕೋರಿಕೆ. ಮೊದಲು ಕನ್ನಡದಲ್ಲಿ ಬರೆದಿಟ್ಟುಕೊಳ್ಳಬಾರದೇ ಎಂದರೆ, ಸಮಯವಿಲ್ಲ, ಮಾರ್ಗದರ್ಶಕರು ಅದನ್ನು ಕೇಳಿಲ್ಲ ಎಂಬ ಉತ್ತರ ಬರುತ್ತದೆ. ಈ ಅವಸರವನ್ನು ನಾವು ಒಪ್ಪಲಾರೆವು.

ಎಷ್ಟು ಜನ ಗುಳಿಗೆ ನುಂಗುವುದನ್ನು ನಿಲ್ಲಿಸಿದರು ಎಂದು ಸಮೀಕ್ಷೆ ಎಣಿಸಿ ಹೇಳುತ್ತದೆ. ಏಕೆ ನಿಲ್ಲಿಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು. ಗುಣಾತ್ಮಕ ಸಂಶೋಧನೆ ಹುಟ್ಟುವುದು ಅಲ್ಲಿ. ಅದಕ್ಕೆ ಆಡಿದ ಮಾತೇ ದತ್ತಾಂಶ. ಒಬ್ಬ ಹೆಣ್ಣುಮಗಳು ‘ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ಯಾದ್ರೀ’ ಎಂದಳೆನ್ನೋಣ. ಅದು ಅಸಿಡಿಟಿ ಇರಬಹುದು, ಕೂಸನ್ನು ಊರಲ್ಲಿ ಬಿಟ್ಟು ಬಂದ ಸಂಕಟವೂ ಇರಬಹುದು. ಹಿಂದುಮುಂದಿನ ಮಾತು ಕೇಳಿದವರಿಗೆ ಯಾವುದೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಅದು ಬರಿಯ ಹೊಟ್ಟೆಯುರಿಯಾಗಿ ಇಳಿಯಿತೆಂದರೆ, ಆ ತಾಯಿಯ ಅಳಲು ಜೀರ್ಣಾಂಗದ ತೊಂದರೆಗಳ ಸಾಲಿಗೆ ಸೇರಿಹೋಗುತ್ತದೆ. ಆಮೇಲೆ ಎಷ್ಟು ಶ್ರದ್ಧೆಯಿಂದ ವಿಶ್ಲೇಷಿಸಿದರೂ ಅದು ಮರಳಿ ಸಿಗದು.

ಈ ಎಚ್ಚರ ಹೊಸದೇನಲ್ಲ. ಕಾಯಿಲೆಗೆ ಕಾರಣವೇನೆಂದು ನೀವು ತಿಳಿದಿದ್ದೀರಿ, ಅದರಲ್ಲಿ ನಿಮಗೆ ಹೆಚ್ಚು ಭಯ ಯಾವುದರದು ಎಂದು ರೋಗಿಯನ್ನೇ ಕೇಳಿರೆಂದು ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲೇ ವೈದ್ಯರಿಗೆ ಹೇಳಿದ್ದರು. ಅದೇ ಜಾಡಿನಲ್ಲಿ ಮಿಚೆಲ್ ವೈಸ್ ಮತ್ತಿತರರು ರೂಪಿಸಿ 1992ರಲ್ಲಿ ಪ್ರಕಟಿಸಿದ ಸಂದರ್ಶನ ಕ್ರಮಕ್ಕೆ ನಮ್ಮ ಮುಂಬಯಿಯ ಕುಷ್ಠರೋಗಿಗಳ ಅಧ್ಯಯನವೇ ಆಧಾರ. ಬೆಂಗಳೂರಿನ ಮನೋರೋಗ ಚಿಕಿತ್ಸಾಲಯದಲ್ಲಿ ಆರ್. ರಘುರಾಮ್, ವೈಸ್ ಮೊದಲಾದವರು ನಡೆಸಿದ ಅಧ್ಯಯನ 1996ರಲ್ಲಿ ಹೊರಬಂತು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಾವ ಹೆಚ್ಚಿತ್ತು. ದೇಹದ ಲಕ್ಷಣಗಳನ್ನೇ ಹೆಚ್ಚಾಗಿ ಹೇಳಿಕೊಂಡವರಲ್ಲಿ ಅದು ಕಡಿಮೆಯಿತ್ತು. ಮೈಕೈ ನೋವನ್ನು ನಾಲ್ವರೆದುರು ಹೇಳಿಕೊಳ್ಳಬಹುದು. ಮನಸ್ಸಿನ ನೋವನ್ನು ಹೇಳಿಕೊಂಡರೆ ಮಗಳ ಸಂಬಂಧ ತಪ್ಪೀತು. ಹೊಟ್ಟೆಯ ಬೆಂಕಿಯ ಮಾತನ್ನು ಹಗುರವಾಗಿ ಅನುವಾದಿಸಬಾರದೆನ್ನಲು ಇಷ್ಟು ಸಾಲದೇ?

ಇಂಥ ಸಂಶೋಧನೆಯ ವರದಿಗಾಗಿ 2007ರಲ್ಲಿ ಬಂದ ‘ಕೋರೆಕ್’ ಎಂಬ ಪಟ್ಟಿಯಲ್ಲಿ 32 ಅಂಶಗಳಿವೆ. ಸಂದರ್ಶಕರು ಗಂಡೋ ಹೆಣ್ಣೋ, ಮಾತು ಎಷ್ಟು ಹೊತ್ತು ನಡೆಯಿತು, ಯಾವ ಸಾಫ್ಟ್‌ವೇರ್ ಬಳಸಿದಿರಿ, ಎಲ್ಲವನ್ನೂ ಅದು ಕೇಳುತ್ತದೆ. ಅನುವಾದಿಸಿದವರು ಯಾರು ಎಂಬುದಕ್ಕೆ ಅಲ್ಲೊಂದು ಅಂಶವಿಲ್ಲ. ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಿಗೂ ಆ ಪ್ರಶ್ನೆ ಹೊಳೆದಿರುವುದಿಲ್ಲ. (ಧ್ವನಿಯನ್ನು ಹೊರಗಿನವರು ಕೇಳಲಿದ್ದಾರೆಂದು ಮಾತಾಡಿದವರಿಗೆ ತಿಳಿಸಿದ್ದೀರಾ ಎಂದರೂ ಕೆಲವರು ತಡವರಿಸುತ್ತಾರೆ.)

ಮಾರ್ಗದರ್ಶಕರಿಗೆ ಕನ್ನಡ ಬಾರದಿರುವಾಗ ಏನು ಮಾಡಬೇಕೆಂಬ ತೊಡಕು ನಿಜವೇ. ಒಂದು ಗಂಟೆಯ ಮಾತನ್ನು ಬರೆದಿಳಿಸಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ ಎಂಬುದೂ ನಿಜ. ಆದರೂ ಕನ್ನಡ ಬಲ್ಲ ಇಬ್ಬರು ಮೂಲಪಠ್ಯವನ್ನೇ ಬೇರೆಬೇರೆಯಾಗಿ ಓದಿ ಅರ್ಥ ಗುರುತಿಸಿ, ಭಿನ್ನಾಭಿಪ್ರಾಯ ಬಂದಲ್ಲಿ ಚರ್ಚಿಸಿ, ವರದಿಗೆ ಬೇಕಾದಷ್ಟನ್ನು ಮಾತ್ರ ಇಂಗ್ಲಿಷಿಗೆ ತರಬಹುದು. ಒಗ್ಗದ ಪದವನ್ನು ಹಾಗೆಯೇ ಇಟ್ಟು ವಿವರಿಸಬಹುದು.

ನಮ್ಮ ಮಿತಿಯನ್ನೂ ಹೇಳಬೇಕು. ನಮ್ಮಲ್ಲಿ ಬಹುಮಂದಿ ಕರಾವಳಿಯವರು. ಯಾದಗಿರಿಯ ಮಾತು ನಮಗೆ ಪೂರ್ತಿ ದಕ್ಕುವುದಿಲ್ಲ, ಎಷ್ಟು ಸಾಹಿತ್ಯ ಓದಿದ್ದರೂ. ಊಹಿಸಿ ಬರೆದುಕೊಟ್ಟದ್ದೂ ಉಂಟು. ಈಗ ಅನುಮಾನ ಬಂದ ಪದಗಳ ಕೆಳಗೆ ಗೆರೆ ಎಳೆದು, ಮಾತಾಡಿದವರನ್ನೇ ಮತ್ತೊಮ್ಮೆ ಕೇಳಿಬನ್ನಿ ಎಂದು ವಿದ್ಯಾರ್ಥಿಗಳನ್ನು ಹಿಂದಕ್ಕೆ ಕಳಿಸುತ್ತಿದ್ದೇವೆ.